ಹಸುರುದಾರಿಗಳೂ ಮೋಟಾರು ವಾಹನಗಳೂ: ಇಂಗ್ಲೆಂಡು–ವೇಲ್ಸುಗಳ ಒಂದು ಮಾರ್ಗವಿವಾದ

ಇಂಗ್ಲೆಂಡು ಮತ್ತು ವೇಲ್ಸುಗಳ ಗುಡ್ಡಗಾಡು ಪ್ರಾಂತಗಳಲ್ಲಿ ಸಂಚರಿಸುವವರಿಗೆ ಒಂದು ಬಗೆಯ ಹಳೆಯ ದಾರಿಗಳು ಅಲ್ಲಲ್ಲಿ ಕಾಣಸಿಗುತ್ತವೆ. ಎರಡು ಬದಿಯಲ್ಲಿಯೂ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ ಅಥವಾ ಪೊದೆಗಳ ಬೇಲಿ. ನಡುವೆ ಡಾಂಬರು ಕಾಣದ, ಹುಲ್ಲು ಬೆಳೆದ ನೆಲ. ಅದರ ಮೇಲೆ ಗಾಲಿಗಳ ಎರಡು ಗೆರೆ. ನಮ್ಮ ಹಳ್ಳಿಗರು ಬಂಡಿಜಾಡು ಎಂದು ಕರೆಯುವುದಕ್ಕೆ ಇದು ಬಲು ಹತ್ತಿರದ್ದು. ಅಲ್ಲಿಯ ಜನ ಇವನ್ನು ‘ಗ್ರೀನ್ ಲೇನ್’, ಎಂದರೆ ಹಸುರುದಾರಿ, ಎನ್ನುತ್ತಾರೆ. ಆದರೆ ಈ ಹೆಸರು ದಾರಿಯ ನೋಟವನ್ನು ಹೇಳುತ್ತದೆಯೇ ಹೊರತು ಅದರ ಮೇಲಿನ ಹಕ್ಕನ್ನು ಹೇಳುವುದಿಲ್ಲ. ನೋಟಕ್ಕೆ ಒಂದೇ ತೆರನಾದ ಎರಡು ದಾರಿಗಳಲ್ಲಿ ಒಂದರ ಮೇಲೆ ಪಾದಚಾರಿಗೆ ಮಾತ್ರ ಅಧಿಕಾರವಿರಬಹುದು. ಇನ್ನೊಂದು ಸರ್ವರಿಗೂ ತೆರೆದ ರಾಜಮಾರ್ಗವೇ ಆಗಿರಬಹುದು. ನೋಟಕ್ಕೂ ಹಕ್ಕಿಗೂ ನಡುವೆ ಇರುವ ಈ ಅಂತರವೇ ನಾವು ಪರಿಶೀಲಿಸಲಿರುವ ವಿವಾದದ ಮೂಲ.

ನಾಲ್ಕು ಗಾಲಿಗಳಿಗೂ ಎಂಜಿನಿನ ಶಕ್ತಿ ತಲಪುವ ಜೀಪು, ಲ್ಯಾಂಡ್‌ರೋವರ್ ಮೊದಲಾದ ವಾಹನಗಳು ಎರಡನೆಯ ಮಹಾಯುದ್ಧದ ನಂತರ ಜನಸಾಮಾನ್ಯರ ಕೈಗೆ ದೊರೆತವು. ಅಂದಿನಿಂದ ಇಂಥ ದಾರಿಗಳಲ್ಲಿ ವಿಹಾರಾರ್ಥವಾಗಿ ವಾಹನ ನಡಸುವುದು ಒಂದು ಹವ್ಯಾಸವಾಗಿ ಬೆಳೆಯಿತು. ಕಾಲ್ನಡಿಗೆಯವರು, ಕುದುರೆ ಸವಾರರು, ಕುರಿ ಸಾಕುವ ರೈತರು ಇದನ್ನು ಆಕ್ಷೇಪಿಸಿದರು. ವಾಹನದವರು ಕೊಟ್ಟ ಉತ್ತರ ಚರಿತ್ರೆಯನ್ನು ಅವಲಂಬಿಸಿದ್ದಿತು: ಇನ್ನೂರು ವರ್ಷಗಳ ಹಿಂದೆ ಈ ದಾರಿಯಲ್ಲಿ ಕುದುರೆಗಾಡಿ ಹೋಗುತ್ತಿತ್ತು, ಆದ್ದರಿಂದ ಇಂದು ನಮ್ಮ ಗಾಡಿಯೂ ಹೋಗಬಹುದು. ಗತಕಾಲದ ಒಂದು ಹಕ್ಕು ಗತಕಾಲ ಕಾಣದಿದ್ದ ಯಂತ್ರಕ್ಕೆ ಸಲ್ಲುವುದೇ? ಈ ಪ್ರಶ್ನೆಗೆ ಆ ದೇಶದ ನ್ಯಾಯಾಲಯಗಳೂ ಪಾರ್ಲಿಮೆಂಟೂ ಕೊಟ್ಟ ಉತ್ತರವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ. ಹಳೆಯ ದಾಖಲೆ ಏನನ್ನು ಸಾಧಿಸಬಲ್ಲುದು, ಏನನ್ನು ಸಾಧಿಸಲಾರದು ಎಂಬುದನ್ನು ಅರಿಯಲು ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸುಲಭವಾಗಿ ಸಿಕ್ಕಲಾರದು. ಸ್ಕಾಟ್ಲೆಂಡಿನ ಕಾನೂನು ಬೇರೆಯಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದೆ.

೧. ದಾರಿಗಳ ಹುಟ್ಟು

ಇಂಗ್ಲೆಂಡಿನ ರೂಢಿನ್ಯಾಯದ ಪ್ರಕಾರ ಸಾರ್ವಜನಿಕ ಮಾರ್ಗವೆಂಬುದು ಮೂಲತಃ ಒಂದು ತುಂಡು ಭೂಮಿಯಲ್ಲ, ಒಂದು ಹಕ್ಕು. ನೆಲ ಯಾರದೇ ಆಗಿರಲಿ, ಅದರ ಮೇಲೆ ಹಾದುಹೋಗುವ ಅಧಿಕಾರ ಪ್ರಜೆಗಳದು. ಈ ಅಧಿಕಾರದಲ್ಲಿ ಮೂರು ಮೆಟ್ಟಿಲುಗಳಿದ್ದವು: ಕಾಲ್ನಡಿಗೆಯದು, ಕುದುರೆಯ ಮೇಲೆ ಹೋಗುವುದು, ಗಾಡಿಯಲ್ಲಿ ಹೋಗುವುದು. ಮೇಲಿನದು ಕೆಳಗಿನದನ್ನು ಒಳಗೊಳ್ಳುತ್ತದೆ. ಗಾಡಿದಾರಿಯಲ್ಲಿ ಸವಾರನೂ ಪಾದಚಾರಿಯೂ ಹೋಗಬಹುದು, ಕಾಲುದಾರಿಯಲ್ಲಿ ಗಾಡಿ ಹೋಗಲಾಗದು. ಇದರ ಜೊತೆಗೆ ಇನ್ನೊಂದು ಸೂತ್ರವೂ ಉಂಟು: ಒಮ್ಮೆ ಸಾರ್ವಜನಿಕ ಮಾರ್ಗವಾದದ್ದು ಎಂದೆಂದಿಗೂ ಸಾರ್ವಜನಿಕ ಮಾರ್ಗವೇ. ನೂರು ವರ್ಷ ಯಾರೂ ನಡೆಯದಿದ್ದರೂ, ಕಾನೂನಿನ ಕ್ರಮದಿಂದ ರದ್ದಾಗುವ ತನಕ ಹಕ್ಕು ಅಳಿಯುವುದಿಲ್ಲ.

೧೫೫೫ರ ಶಾಸನವೊಂದು ದಾರಿಗಳ ದುರಸ್ತಿಯ ಹೊಣೆಯನ್ನು ಪ್ಯಾರಿಷ್ ಎಂಬ ಗ್ರಾಮಘಟಕಗಳ ಮೇಲೆ ಹೊರಿಸಿ, ನಿವಾಸಿಗಳು ವರ್ಷಕ್ಕೆ ನಾಲ್ಕು ದಿನ ಬಿಟ್ಟಿ ದುಡಿಯಬೇಕೆಂದು ವಿಧಿಸಿತು. ೧೫೬೩ರಲ್ಲಿ ಇದು ಆರು ದಿನವಾಯಿತು. ೧೬೬೩ರಲ್ಲಿ ಸುಂಕದಕಟ್ಟೆಯ ರಸ್ತೆಗಳಿಗೆ ಮೊದಲ ಶಾಸನ ಬಂತು. ಹದಿನೆಂಟನೆಯ ಶತಮಾನದಲ್ಲಿ ಇವುಗಳ ಜಾಲ ಹರಡಿದಂತೆ ದೂರದ ಸಂಚಾರ ಕೆಲವೇ ರಸ್ತೆಗಳಲ್ಲಿ ಕೇಂದ್ರೀಕೃತವಾಗಿ, ಉಳಿದವು ಊರಿನವರ ಬಳಕೆಗೆ ಮಾತ್ರ ಉಳಿದವು. ಅದೇ ಕಾಲದಲ್ಲಿ ಸಾಮುದಾಯಿಕ ಭೂಮಿಗಳಿಗೆ ಬೇಲಿಕಟ್ಟಿ ಹಂಚುವ ಕಾರ್ಯ ನಡೆಯಿತು. ಹಂಚಿಕೆಯ ಆಯುಕ್ತರು ಹೊಸ ದಾರಿಗಳನ್ನೂ ಗುರುತುಮಾಡಿದರು. ೧೮೦೧ರ ಸಾಮಾನ್ಯ ಶಾಸನದಂತೆ ಸಾರ್ವಜನಿಕ ಗಾಡಿದಾರಿ ಕನಿಷ್ಠ ೩೦ ಅಡಿ ಅಗಲವಿರಬೇಕಾಗಿತ್ತು. ಇಂದು ಗುಡ್ಡದ ಇಳಿಜಾರಿನಲ್ಲಿ ಎರಡು ಕಲ್ಲುಗೋಡೆಗಳ ನಡುವೆ ಅನವಶ್ಯಕವೆನಿಸುವಷ್ಟು ಅಗಲವಾಗಿ ಸಾಗುವ ಹಸುರುದಾರಿಗಳಲ್ಲಿ ಅನೇಕವು ಈ ಬಗೆಯವು.

ವೇಲ್ಸಿನ ಬೆಟ್ಟಗಳಿಂದ ಇಂಗ್ಲೆಂಡಿನ ಸಂತೆಗಳಿಗೆ ದನಗಳ ಹಿಂಡನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿಗಳು ಮತ್ತೊಂದು ಬಗೆ. ರೈಲು ಬಂದ ಮೇಲೆ ದನಗಳು ರೈಲುಗಾಡಿಯನ್ನೇರಿದವು, ದಾರಿಗಳು ಬರಿದಾದವು. ಕಲ್ಲುಗಣಿಗಳಿಗೆ, ಸೀಸದ ಗಣಿಗಳಿಗೆ, ಸೌದೆಗಾಗಿ ಅಗೆಯುವ ಜವುಗುನೆಲಗಳಿಗೆ ಹೋಗುತ್ತಿದ್ದ ದಾರಿಗಳೂ ಇದ್ದವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೋಟಾರಿನ ಧೂಳನ್ನು ಅಡಗಿಸಲು ರಸ್ತೆಗಳಿಗೆ ಡಾಂಬರು ಹಾಕತೊಡಗಿದಾಗ, ಅಧಿಕಾರಿಗಳು ಬೇಕಾದವನ್ನು ಆರಿಸಿಕೊಂಡು ಬೇಡವಾದವನ್ನು ಬಿಟ್ಟರು. ಹಾಗೆ ಡಾಂಬರಿನ ಪಾಲಿಗೆ ಬಾರದೆ ಉಳಿದ ರಸ್ತೆಯೇ ಬಹುಮಟ್ಟಿಗೆ ಇಂದಿನ ಹಸುರುದಾರಿ.

ಈ ದಾರಿಗಳು ಹಿಂದೆ ಸುಸ್ಥಿತಿಯಲ್ಲಿದ್ದು ಈಚೆಗೆ ಕೆಟ್ಟವೆಂದು ಭಾವಿಸಲಾಗದು. ೧೭೮೯ರಲ್ಲಿ ಪ್ರಕಟವಾದ ಸೆಲ್ಬೋರ್ನ್ ಗ್ರಾಮದ ಪ್ರಕೃತಿಚರಿತ್ರೆಯಲ್ಲಿ ಗಿಲ್ಬರ್ಟ್ ವೈಟನು, ಗಾಡಿಗಳ ಓಡಾಟದಿಂದಲೂ ನೀರಿನ ಹರಿತದಿಂದಲೂ ಸವೆದು ಪಕ್ಕದ ಹೊಲಗಳಿಗಿಂತ ೧೬–೧೮ ಅಡಿ ಕೆಳಕ್ಕೆ ಇಳಿದುಹೋಗಿದ್ದ ಓಣಿಗಳನ್ನು ವರ್ಣಿಸಿದ್ದಾನೆ. ಗಾಲಿ ನೆಲವನ್ನು ತಿನ್ನುವುದು ಹೊಸ ಸಂಗತಿಯಲ್ಲ.

೨. ವಾಹನದ ಆಗಮನ

ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಜೀಪು ರಸ್ತೆಯಿಲ್ಲದೆಡೆಯಲ್ಲಿಯೂ ಚಲಿಸಬಹುದೆಂಬುದನ್ನು ಲೋಕಕ್ಕೆ ತೋರಿಸಿತು. ಇಂಗ್ಲೆಂಡಿನ ರೋವರ್ ಕಂಪೆನಿಯ ಮುಖ್ಯ ಎಂಜಿನಿಯರಾಗಿದ್ದ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗ್ಲೆಸಿ ದ್ವೀಪದಲ್ಲಿದ್ದ ತಮ್ಮ ಜಮೀನಿನಲ್ಲಿ ಇಂಥದೊಂದು ಜೀಪನ್ನು ಬಳಸುತ್ತಿದ್ದರು. ಅದರ ಅನುಭವದಿಂದ ೧೯೪೭ರಲ್ಲಿ ರೈತನಿಗೆ ಒದಗುವ ವಾಹನವೊಂದರ ಕಲ್ಪನೆ ಮೂಡಿ, ೧೯೪೮ರ ಏಪ್ರಿಲ್ ೩೦ರಂದು ಆಂಸ್ಟರ್‌ಡಾಮಿನ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್‌ರೋವರ್ ಕಾಣಿಸಿಕೊಂಡಿತು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಅದರ ಅಂತರ ೮೦ ಅಂಗುಲ. ಉಕ್ಕಿಗೆ ಅಭಾವವಿದ್ದ ಕಾಲವಾದ್ದರಿಂದ ಅದರ ಒಡಲು ಅಲ್ಯುಮಿನಿಯಂ ಮಿಶ್ರಲೋಹದ್ದು. ಈ ವಂಶದ ಹಳೆಯ ಮಾದರಿಯ ತಯಾರಿಕೆ ಸಾಲಿಹಲ್ಲಿನಲ್ಲಿ ೨೦೧೬ರ ಜನವರಿಯವರೆಗೆ ನಡೆಯಿತು.

ಇದರ ಸಾಮರ್ಥ್ಯದ ಗುಟ್ಟನ್ನು ಎರಡು ಮಾತಿನಲ್ಲಿ ಹೇಳಬಹುದು. ಸಾಮಾನ್ಯ ಕಾರಿನಲ್ಲಿ ಎಂಜಿನಿನ ಶಕ್ತಿ ಎರಡೇ ಗಾಲಿಗಳಿಗೆ ಸೇರುತ್ತದೆ. ಅವುಗಳಲ್ಲಿ ಒಂದು ಕೆಸರಿನಲ್ಲಿ ಹಿಡಿತ ತಪ್ಪಿದರೆ ಅದು ವೃಥಾ ಸುತ್ತುತ್ತದೆ, ಕಾರು ನಿಂತಲ್ಲಿಯೇ ನಿಲ್ಲುತ್ತದೆ. ಇಲ್ಲಿಯಾದರೋ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಶಕ್ತಿ ಹಂಚಿಕೆಯಾಗುವುದರಿಂದ ಒಂದು ಕಡೆ ಹಿಡಿತ ತಪ್ಪಿದರೂ ಇನ್ನೊಂದು ಕಡೆ ಎಳೆಯುತ್ತದೆ. ಎರಡನೆಯದಾಗಿ, ಗೇರುಪೆಟ್ಟಿಗೆಯ ಜೊತೆಗೆ ಇನ್ನೊಂದು ಪೆಟ್ಟಿಗೆಯಿದ್ದು, ಅದರಲ್ಲಿ ವೇಗವನ್ನು ಬಹಳ ತಗ್ಗಿಸಿ ಎಳೆತವನ್ನು ಹೆಚ್ಚಿಸಿಕೊಳ್ಳುವ ಏರ್ಪಾಡಿದೆ. ಆದಕಾರಣ ಕಡಿದಾದ ಏರನ್ನು ನಡಿಗೆಯ ವೇಗದಲ್ಲಿ ಏರಬಹುದು. ಇಳಿಯುವಾಗ ಬ್ರೇಕನ್ನು ಮುಟ್ಟದೆ, ಎಂಜಿನಿನ ತಡೆಯಿಂದಲೇ ಮೆಲ್ಲಗೆ ಇಳಿಯಬಹುದು.

೩. ನಕ್ಷೆ ಮತ್ತು ಪ್ರಮಾಣ

೧೯೩೦ರ ರಸ್ತೆ ಸಂಚಾರ ಶಾಸನ ಕಾಲುದಾರಿಯಲ್ಲಿಯೂ ಕುದುರೆದಾರಿಯಲ್ಲಿಯೂ ಮೋಟಾರು ನಡಸುವುದನ್ನು ಅಪರಾಧವೆಂದು ಸಾರಿತು. ಹಾಗಾದರೆ ಯಾವುದು ಕಾಲುದಾರಿ, ಯಾವುದು ಗಾಡಿದಾರಿ? ಇದನ್ನು ನಿಶ್ಚಯಿಸಲು ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಾಂತರ ಪ್ರವೇಶದ ಶಾಸನ ಜಾರಿಗೆ ಬಂತು. ಪ್ರತಿಯೊಂದು ಕೌಂಟಿಯೂ ತನ್ನ ದಾರಿಗಳನ್ನೆಲ್ಲ ಸಮೀಕ್ಷಿಸಿ ಒಂದು ನಿರ್ಣಾಯಕ ನಕ್ಷೆಯನ್ನು ಸಿದ್ಧಪಡಿಸಬೇಕಾಯಿತು. ಅದರಲ್ಲಿ ಮೂರು ವರ್ಗಗಳು: ಕಾಲುದಾರಿ, ಕುದುರೆದಾರಿ, ಮತ್ತು ‘ಸಾರ್ವಜನಿಕ ಹಾದಿಯಾಗಿ ಬಳಸುವ ರಸ್ತೆ’. ಮೂರನೆಯ ವರ್ಗದ ಹೆಸರೇ ಸಂದಿಗ್ಧ. ಅದರ ಮೇಲೆ ಗಾಡಿಯ ಹಕ್ಕು ಇದೆಯೋ ಇಲ್ಲವೋ ಎಂಬುದನ್ನು ನಕ್ಷೆ ಹೇಳಲಿಲ್ಲ. ೧೯೬೮ರ ಶಾಸನ ಇವನ್ನು ಮರುವಿಂಗಡಿಸಲು ಹೇಳಿ, ದಾರಿ ವಾಹನಕ್ಕೆ ತಕ್ಕುದೇ ಎಂಬುದನ್ನೂ ಗಮನಿಸಬೇಕೆಂದಿತು. ೧೯೮೧ರ ಶಾಸನ ಯೋಗ್ಯತೆಯ ಆ ವಿಚಾರವನ್ನು ಬದಿಗೊತ್ತಿ, ಗಾಡಿಯ ಹಕ್ಕು ಉಂಟೇ ಇಲ್ಲವೇ ಎಂಬ ಒಂದೇ ಪ್ರಶ್ನೆಯನ್ನು ಉಳಿಸಿತು. ಹಕ್ಕು ರುಜುವಾತಾದರೆ ದಾರಿ ‘ಸರ್ವಸಂಚಾರಕ್ಕೆ ಮುಕ್ತವಾದ ಉಪಮಾರ್ಗ’ವಾಗುತ್ತಿತ್ತು. ಇಲ್ಲಿಂದ ವಿವಾದ ದಾಖಲೆಗಳ ಕೋಣೆಯನ್ನು ಪ್ರವೇಶಿಸಿತು.

ವಾಹನಪ್ರಿಯರೂ ಅವರ ವಿರೋಧಿಗಳೂ ಹಳೆಯ ಕಾಗದಗಳನ್ನು ಹುಡುಕತೊಡಗಿದರು. ಭೂಹಂಚಿಕೆಯ ತೀರ್ಪುಗಳು, ೧೮೩೬ರ ಶಾಸನಾನಂತರದ ದಶಮಾಂಶ ತೆರಿಗೆಯ ನಕ್ಷೆಗಳು, ಭೂಮಾಪನ ಇಲಾಖೆಯ ನಕ್ಷೆಗಳು, ೧೯೧೦ರ ಹಣಕಾಸು ಶಾಸನದನ್ವಯ ಭೂಮಿಯ ಬೆಲೆಕಟ್ಟಲು ತಯಾರಾದ ನಕ್ಷೆಗಳು, ಗ್ರಾಮಾಂತರ ರಸ್ತೆಗಳು ಕೌಂಟಿಗಳಿಗೆ ವರ್ಗವಾದಾಗಿನ ಪಟ್ಟಿಗಳು, ಇವೆಲ್ಲವೂ ಸಾಕ್ಷಿಗಳಾದವು.

ಇತಿಹಾಸಕಾರನು ಇಲ್ಲಿ ಎಚ್ಚರ ವಹಿಸಬೇಕಾದುದುಂಟು. ಪ್ರತಿಯೊಂದು ನಕ್ಷೆಯೂ ತನ್ನದೇ ಆದ ಉದ್ದೇಶಕ್ಕಾಗಿ ಹುಟ್ಟಿದ್ದು. ದಶಮಾಂಶದ ನಕ್ಷೆ ಯಾವ ಹೊಲ ಎಷ್ಟು ತೆರಿಗೆ ಕೊಡಬೇಕೆಂಬುದನ್ನು ತಿಳಿಸಲು ಬಂದುದು. ದಾರಿಯನ್ನು ಅದು ತೋರಿಸಿದರೆ, ಆ ನೆಲ ತೆರಿಗೆಗೆ ಒಳಪಡದೆಂಬ ಕಾರಣಕ್ಕೆ ತೋರಿಸಿರಬಹುದು, ಸಾರ್ವಜನಿಕರ ಹಕ್ಕನ್ನು ಸಾರಲು ಅಲ್ಲ. ೧೯೧೦ರ ನಕ್ಷೆಯಲ್ಲಿ ಯಾರ ಸ್ವತ್ತಿಗೂ ಸೇರದೆ ಬಣ್ಣವಿಲ್ಲದೆ ಬಿಟ್ಟ ಪಟ್ಟಿ ಸಾರ್ವಜನಿಕ ರಸ್ತೆಯಾಗಿರಬಹುದು. ಹಲವು ಒಡೆಯರು ಹಂಚಿಕೊಂಡ ಖಾಸಗಿ ದಾರಿಯೂ ಆಗಿರಬಹುದು. ಭೂಹಂಚಿಕೆಯ ತೀರ್ಪುಗಳಲ್ಲಿ ಸಾರ್ವಜನಿಕ ಗಾಡಿದಾರಿಯಂತೆ ಖಾಸಗಿ ಗಾಡಿದಾರಿಯೂ ಉಂಟು. ಗಾಡಿಯ ಜಾಡು ಕಂಡಿತೆಂದ ಮಾತ್ರಕ್ಕೆ ಎಲ್ಲರ ಗಾಡಿಗೂ ಹಕ್ಕಿತ್ತೆಂದು ಹೇಳಲಾಗದು. ಹಾಗೆಯೇ ನಕ್ಷೆಯ ಮೌನವೂ ನಿಷೇಧವಲ್ಲ. ನಿರ್ಣಾಯಕ ನಕ್ಷೆಯಲ್ಲಿ ಒಂದು ದಾರಿಯನ್ನು ಕಾಲುದಾರಿಯೆಂದು ತೋರಿಸಿದ್ದರೆ ಅಲ್ಲಿ ಕಾಲ್ನಡಿಗೆಯ ಹಕ್ಕು ನಿಶ್ಚಯವೆಂದಷ್ಟೇ ಅರ್ಥ. ಅದಕ್ಕಿಂತ ಮೇಲಿನ ಹಕ್ಕು ಇರಲಾರದೆಂದಲ್ಲ.

೪. ೨೦೦೬ರ ಶಾಸನ

ಈ ಸ್ಥಿತಿಯಲ್ಲಿ ಪಾರ್ಲಿಮೆಂಟು ಮಧ್ಯೆ ಪ್ರವೇಶಿಸಿತು. ೨೦೦೦ದ ಶಾಸನ ಆ ಸಂದಿಗ್ಧವಾದ ಮೂರನೆಯ ವರ್ಗವನ್ನು ತೆಗೆದುಹಾಕಿ ‘ನಿರ್ಬಂಧಿತ ಉಪಮಾರ್ಗ’ವೆಂಬ ಹೊಸ ವರ್ಗವನ್ನು ಏರ್ಪಡಿಸಿತು. ಇಲ್ಲಿ ನಡೆಯಬಹುದು, ಕುದುರೆಯೇರಿ ಹೋಗಬಹುದು, ಬೈಸಿಕಲ್ಲಿನಲ್ಲಿಯೂ ಕುದುರೆಗಾಡಿಯಲ್ಲಿಯೂ ಹೋಗಬಹುದು. ಯಂತ್ರಚಾಲಿತ ವಾಹನ ಮಾತ್ರ ಹೋಗಲಾಗದು. ಬಳಿಕ ೨೦೦೬ರ ನೈಸರ್ಗಿಕ ಪರಿಸರ ಮತ್ತು ಗ್ರಾಮೀಣ ಸಮುದಾಯಗಳ ಶಾಸನ, ಇಂಗ್ಲೆಂಡಿನಲ್ಲಿ ಆ ವರ್ಷದ ಮೇ ೨ರಿಂದ, ಇನ್ನೂ ಮುಂದೆ ಹೋಯಿತು. ನಿರ್ಣಾಯಕ ನಕ್ಷೆಯಲ್ಲಿ ಕಾಣದ ಅಥವಾ ಅದರಲ್ಲಿ ಕಾಲುದಾರಿ, ಕುದುರೆದಾರಿ, ನಿರ್ಬಂಧಿತ ಉಪಮಾರ್ಗ ಎಂದಷ್ಟೇ ಕಂಡ ದಾರಿಗಳ ಮೇಲೆ ಮೋಟಾರಿನ ಹಕ್ಕು ಏನಾದರೂ ಅಡಗಿದ್ದರೆ ಅದು ಅಂದಿಗೆ ಅಳಿಯಿತು. ಕುದುರೆಗಾಡಿಯ ಹಕ್ಕು ಅಳಿಯಲಿಲ್ಲ. ಅನಾದಿಯಿಂದ ಒಂದೇ ಎಂದು ಎಣಿಸುತ್ತಿದ್ದ ಗಾಡಿಯ ಹಕ್ಕನ್ನು ಶಾಸನ ಹೀಗೆ ಎರಡಾಗಿ ಸೀಳಿತು.

ಅಪವಾದಗಳನ್ನೂ ಇಟ್ಟರು. ಹಿಂದಿನ ಐದು ವರ್ಷಗಳಲ್ಲಿ ಮುಖ್ಯವಾಗಿ ಮೋಟಾರುಗಳೇ ನ್ಯಾಯಸಮ್ಮತವಾಗಿ ಬಳಸುತ್ತಿದ್ದ ದಾರಿ; ನಿರ್ಣಾಯಕ ನಕ್ಷೆಯಲ್ಲಿಲ್ಲದಿದ್ದರೂ ಸರಕಾರಿ ವೆಚ್ಚದಲ್ಲಿ ದುರಸ್ತಿಯಾಗುವ ರಸ್ತೆಗಳ ಪಟ್ಟಿಯಲ್ಲಿದ್ದ ದಾರಿ; ೧೯೩೦ರ ಡಿಸೆಂಬರ್ ೧ಕ್ಕಿಂತ ಮೊದಲೇ ಮೋಟಾರುಗಳ ಬಳಕೆಯಿಂದ ಹಕ್ಕು ಹುಟ್ಟಿದ್ದ ದಾರಿ, ಇಂಥವು ಉಳಿದುಕೊಂಡವು. ಇಂಗ್ಲೆಂಡಿನಲ್ಲಿ ೨೦೦೫ರ ಜನವರಿ ೨೦ಕ್ಕೆ ಮೊದಲು ಸಲ್ಲಿಸಿದ್ದ ಅರ್ಜಿಗಳಿಗೂ ರಕ್ಷಣೆ ದೊರೆಯಿತು. ಆದರೆ ಆ ಅರ್ಜಿ ಕ್ರಮಬದ್ಧವಾಗಿತ್ತೇ? ೨೦೦೮ರಲ್ಲಿ ವಿಂಚೆಸ್ಟರ್ ಕಾಲೇಜಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಅರ್ಜಿಯ ಜೊತೆ ದಾಖಲೆಗಳ ಪ್ರತಿಗಳನ್ನು ಲಗತ್ತಿಸಲೇಬೇಕೆಂದು ಕಟ್ಟುನಿಟ್ಟಾಗಿ ಹೇಳಿತು. ೨೦೧೫ರಲ್ಲಿ ಡಾರ್ಸೆಟ್ ಕೌಂಟಿಯ ಐದು ದಾರಿಗಳ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ವಾದ ನಡೆದದ್ದು ದಾರಿಯ ಚರಿತ್ರೆಯ ಮೇಲಲ್ಲ. ಸಣ್ಣ ಅಳತೆಯ ನಕ್ಷೆಯನ್ನು ಕಂಪ್ಯೂಟರಿನಿಂದ ಹಿಗ್ಗಿಸಿ ಸಲ್ಲಿಸಿದರೆ ಅದು ನಿಯಮಿತ ಅಳತೆಯ ನಕ್ಷೆಯೆನಿಸುವುದೇ ಎಂಬುದರ ಮೇಲೆ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಎನಿಸುವುದೆಂದರು, ಇಬ್ಬರು ಒಪ್ಪಲಿಲ್ಲ. ಶತಮಾನಗಳ ಹಕ್ಕು ಒಂದು ಮತದ ಅಂತರದಲ್ಲಿ ಉಳಿಯಿತು.

ಇಂದು ಇಂಗ್ಲೆಂಡಿನ ನಕ್ಷೆಗಳಲ್ಲಿ ದಾಖಲಾಗಿರುವ ಹಾದಿಗಳಲ್ಲಿ ಮೋಟಾರಿಗೆ ತೆರೆದ ಉಪಮಾರ್ಗಗಳ ಪಾಲು ಸುಮಾರು ನೂರಕ್ಕೆ ಎರಡು ಮಾತ್ರ. ಇವುಗಳ ಜೊತೆಗೆ ವರ್ಗೀಕರಿಸದ ಹಳೆಯ ಕೌಂಟಿ ರಸ್ತೆಗಳಲ್ಲಿ ಡಾಂಬರಿಲ್ಲದವನ್ನು ಸೇರಿಸಿದರೆ ಹಸುರುದಾರಿಯ ವಾಹನವಿಹಾರಕ್ಕೆ ಉಳಿದ ಕ್ಷೇತ್ರ ಪೂರ್ಣವಾಗುತ್ತದೆ.

೫. ನೆಲದ ವಿಚಾರ, ನಡಸುವ ರೀತಿ

ಕುದುರೆಗಾಡಿಗೂ ಮೋಟಾರಿಗೂ ಭೇದವೆಣಿಸಿದ್ದು ಕೇವಲ ಪಕ್ಷಪಾತವೇ? ಯಂತ್ರಶಾಸ್ತ್ರದ ದೃಷ್ಟಿಯಿಂದ ಒಂದು ವ್ಯತ್ಯಾಸ ನಿಜವಾಗಿಯೂ ಉಂಟು. ಗಾಡಿಯ ಗಾಲಿ ತಾನಾಗಿ ನೆಲವನ್ನು ತಳ್ಳುವುದಿಲ್ಲ. ಕುದುರೆ ಎಳೆದಂತೆ ಉರುಳುತ್ತದೆ. ಮೋಟಾರಿನ ಗಾಲಿ ನೆಲವನ್ನು ಹಿಂದಕ್ಕೆ ಒತ್ತಿ ತಾನು ಮುಂದಕ್ಕೆ ಹೋಗುತ್ತದೆ. ಅದು ಜಾರಿ ಸುತ್ತಿತೆಂದರೆ ಹುಲ್ಲಿನ ಬೇರನ್ನು ಕಿತ್ತೆಸೆಯುತ್ತದೆ. ಭಾರದಿಂದ ಒದ್ದೆಮಣ್ಣು ಅದುಮಿಹೋಗಿ, ಮಣ್ಣಿನ ಕಣಗಳ ನಡುವಣ ಎಡೆ ಮುಚ್ಚಿ, ನೀರು ಇಂಗದೆ ಜಾಡಿನಲ್ಲಿಯೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಆ ಜಾಡೇ ಮಳೆಗಾಲದ ತೊರೆಯಾಗುತ್ತದೆ. ಗೋಡೆಗಳಿಲ್ಲದ ಬಯಲಿನಲ್ಲಿ ಮುಂದೆ ಬಂದ ಚಾಲಕ ಆಳವಾದ ಜಾಡನ್ನು ತಪ್ಪಿಸಿ ಪಕ್ಕಕ್ಕೆ ಹೋಗುತ್ತಾನೆ. ಒಂದು ದಾರಿ ಹಲವಾಗಿ ಕವಲೊಡೆಯುತ್ತದೆ. ಕಲ್ಲಿನ ತಳಪಾಯವುಳ್ಳ ದಾರಿ ಬಹುಕಾಲ ತಾಳಬಲ್ಲುದು. ಬೆಟ್ಟದ ನೆತ್ತಿಯ ಜವುಗುಮಣ್ಣು ತಾಳಲಾರದು.

ಆದಕಾರಣ ವಾಹನವನ್ನು ನಡಸುವ ರೀತಿಗೆ ಮಹತ್ವ ಬರುತ್ತದೆ. ಬಲ್ಲ ಚಾಲಕ ಗಾಲಿಯನ್ನು ಸುತ್ತಗೊಡುವುದಿಲ್ಲ. ಕಡಮೆ ವೇಗದ ಗೇರಿನಲ್ಲಿ, ಸಮನಾದ ನಡೆಯಲ್ಲಿ ಹೋಗುತ್ತಾನೆ. ತೊರೆಯನ್ನು ದಾಟುವ ಮುನ್ನ ಆಳವನ್ನು ನೋಡಿಕೊಳ್ಳುತ್ತಾನೆ. ಎದುರಿಗೆ ಕುದುರೆ ಬಂದರೆ ನಿಂತು ಎಂಜಿನನ್ನು ಆರಿಸುತ್ತಾನೆ. ತೆರೆದ ಗೇಟನ್ನು ದಾಟಿದ ಮೇಲೆ ಇದ್ದಂತೆ ಮುಚ್ಚುತ್ತಾನೆ. ನೆಲ ಹಸಿಯಾಗಿದ್ದರೆ ಹಿಂದಿರುಗುತ್ತಾನೆ. ಸಣ್ಣ ಗುಂಪಿನಲ್ಲಿ ಹೋಗಬೇಕು, ಗುರುತಾದ ದಾರಿಯನ್ನು ಬಿಡಬಾರದು ಎಂಬುದು ವಾಹನಪ್ರಿಯರ ಸಂಘಗಳೇ ತಮ್ಮ ಸದಸ್ಯರಿಗೆ ವಿಧಿಸಿಕೊಂಡಿರುವ ನಿಯಮ. ಕಟ್ಟುಪಾಡನ್ನು ಮೀರುವವರು ಸಾಮಾನ್ಯವಾಗಿ ಸಂಘಕ್ಕೆ ಸೇರದವರೆಂಬುದು ಅವರ ಅಳಲು. ಕೆಟ್ಟ ನೆಲಕ್ಕೆ ಅದು ಸಮಾಧಾನವಲ್ಲವೆಂಬುದು ರೈತನ ಉತ್ತರ.

೬. ಮೂರು ನಿದರ್ಶನಗಳು

ಹಕ್ಕಿದ್ದ ಮಾತ್ರಕ್ಕೆ ಅದರ ಬಳಕೆಗೆ ಮಿತಿಯಿಲ್ಲವೆಂದಲ್ಲ. ಸಂಚಾರ ನಿಯಂತ್ರಣದ ಆಜ್ಞೆಯಿಂದ, ಹಕ್ಕನ್ನು ಅಳಿಸದೆಯೇ, ವಾಹನಗಳನ್ನು ತಡೆಯಬಹುದು. ಈ ಅಧಿಕಾರವನ್ನು ೨೦೦೬ರ ಶಾಸನ ರಾಷ್ಟ್ರೀಯ ಉದ್ಯಾನಗಳ ಪ್ರಾಧಿಕಾರಗಳಿಗೂ ಕೊಟ್ಟಿತು. ಯಾರ್ಕ್‌ಶೈರ್ ಡೇಲ್ಸ್ ಉದ್ಯಾನದ ಮ್ಯಾಸ್ಟೈಲ್ಸ್ ಲೇನ್ ಮಧ್ಯಯುಗದಲ್ಲಿ ಫೌಂಟನ್ಸ್ ಮಠದ ಸಂನ್ಯಾಸಿಗಳ ಕುರಿಮಂದೆಗಳು ಸಾಗಿದ ದಾರಿ. ಅಲ್ಲಿ ವಿಹಾರದ ವಾಹನಗಳನ್ನು ಈ ಬಗೆಯ ಆಜ್ಞೆಯಿಂದ ತಡೆದಿದ್ದಾರೆ. ದಕ್ಷಿಣದ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಹಾಯುವ ಪುರಾತನವಾದ ರಿಜ್‌ವೇ ಮಾರ್ಗದಲ್ಲಿ ಮೋಟಾರಿಗೆ ತೆರೆದ ಭಾಗಗಳನ್ನು ಚಳಿಗಾಲದ ಒದ್ದೆ ತಿಂಗಳುಗಳಲ್ಲಿ ಮುಚ್ಚಿ, ನೆಲ ಒಣಗಿದ ಮೇಲೆ ತೆರೆಯುವ ಕ್ರಮವುಂಟು.

ಲೇಕ್ ಡಿಸ್ಟ್ರಿಕ್ಟಿನ ಟಿಲ್‌ಬರ್ತ್‌ವೇಟ್ ಪ್ರದೇಶದಲ್ಲಿ ಪರಿಣಾಮ ಬೇರೆಯಾಯಿತು. ಹಿಂದೆ ಕಪ್ಪುಹಲಗೆಕಲ್ಲಿನ ಗಣಿಗಾರಿಕೆ ನಡೆದ ಈ ಕಣಿವೆಯ ಎರಡು ದಾರಿಗಳಿಂದ ವಾಹನಗಳನ್ನು ಹೊರಗಿಡಬೇಕೆಂದು ದೊಡ್ಡ ಚಳವಳಿಯೇ ನಡೆಯಿತು. ೧೯೫೧ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಈ ಪ್ರಾಂತ ೨೦೧೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತ್ತು. ಸಂರಕ್ಷಣೆಗೂ ಜನರ ವಿಹಾರಕ್ಕೂ ಘರ್ಷಣೆ ಬಂದರೆ ಸಂರಕ್ಷಣೆಗೆ ಹೆಚ್ಚಿನ ತೂಕ ಕೊಡಬೇಕೆಂದು ೧೯೯೫ರ ಪರಿಸರ ಶಾಸನ ಹೇಳುವುದರಿಂದ, ಆ ತತ್ತ್ವ ಇಲ್ಲಿ ಅನ್ವಯಿಸಬೇಕೆಂದು ಚಳವಳಿಯವರು ವಾದಿಸಿದರು. ಪ್ರಾಧಿಕಾರವು ೨೦೧೯ರ ಅಕ್ಟೋಬರಿನಲ್ಲಿ ದಾರಿಗಳನ್ನು ಮುಚ್ಚದಿರಲು ತೀರ್ಮಾನಿಸಿತು. ೨೦೨೦ರಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಒಂದೇ ಕಾನೂನು, ಒಂದೇ ಬಗೆಯ ದಾರಿ. ಒಂದೆಡೆ ನಿಷೇಧ, ಒಂದೆಡೆ ಋತುಮಾನದ ತಡೆ, ಒಂದೆಡೆ ಅನುಮತಿ.

೭. ಉಪಸಂಹಾರ

ಮೇಲಿನ ವಿವರಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಹಕ್ಕಿನ ಅಸ್ತಿತ್ವವನ್ನು ಅರಿಯಲು ಇತಿಹಾಸವೇ ಆಧಾರ. ೧೮೦೧ರ ತರುವಾಯದ ಒಂದು ಹಂಚಿಕೆಯ ತೀರ್ಪು ಇಂದಿಗೂ ಸಜೀವವಾದ ಪತ್ರ; ಅದನ್ನು ಓದಬಲ್ಲವನಿಲ್ಲದೆ ನ್ಯಾಯವಿಲ್ಲ. ಎರಡನೆಯದು, ಹಕ್ಕನ್ನು ಹೇಗೆ, ಎಷ್ಟು, ಯಾವ ಋತುವಿನಲ್ಲಿ ಬಳಸಬೇಕೆಂಬುದನ್ನು ಇತಿಹಾಸ ಹೇಳಲಾರದು. ದಾರಿಯನ್ನು ಗುರುತುಮಾಡಿದ ಆಯುಕ್ತರಿಗೆ ಮೋಟಾರು ಗೊತ್ತಿರಲಿಲ್ಲ. ಅವರ ಮೌನದಿಂದ ಅನುಮತಿಯನ್ನಾಗಲಿ ನಿಷೇಧವನ್ನಾಗಲಿ ಹಿಂಡುವುದು ಸರಿಯಲ್ಲ. ೨೦೦೬ರ ಶಾಸನ ಒಂದೇ ಏಟಿಗೆ ಹಕ್ಕುಗಳನ್ನು ಅಳಿಸಿ, ದುರ್ಬಲ ನೆಲವನ್ನು ಕಾಪಾಡಿತು. ಅದರೊಂದಿಗೆ ಗಟ್ಟಿ ನೆಲದ ಅನೇಕ ದಾರಿಗಳನ್ನೂ, ನಡೆಯಲಾಗದ ವೃದ್ಧರೂ ಅಂಗವಿಕಲರೂ ವಾಹನದಲ್ಲಿ ಕುಳಿತು ಬೆಟ್ಟವನ್ನು ಕಾಣಬಹುದಾಗಿದ್ದ ಅವಕಾಶವನ್ನೂ ಮುಚ್ಚಿತು. ರಿಜ್‌ವೇ ಮಾರ್ಗದ ಋತುಮಾನದ ಕ್ರಮ ಇದಕ್ಕಿಂತ ವಿವೇಕಯುತವೆಂದು ನಮಗೆ ತೋರುತ್ತದೆ. ಅಲ್ಲಿ ಹಕ್ಕನ್ನು ದಾಖಲೆ ನಿರ್ಣಯಿಸುತ್ತದೆ, ಬಳಕೆಯನ್ನು ನೆಲದ ಸ್ಥಿತಿ ನಿರ್ಣಯಿಸುತ್ತದೆ.

ದಾರಿಯೊಂದು ಅದನ್ನು ಬಳಸುವ ಎಲ್ಲ ತಲೆಮಾರುಗಳಿಗೂ ಸೇರಿದ್ದು. ಹಿಂದಿನವರು ಬಿಟ್ಟುಹೋದ ಹಕ್ಕನ್ನು ರುಜುವಾತುಪಡಿಸಲು ಕಾಗದ ಸಾಕು. ಮುಂದಿನವರಿಗೆ ದಾರಿಯನ್ನೇ ಉಳಿಸಲು ಕಾಗದ ಸಾಲದು.